ಕೊಟ್ಟ ರೊಕ್ಕದ ವೇಗ

ಕಂಪ್ಯೂಟರಿಗೆ ರ್ಯಾಮ್ ಹಾಕಿಸುವುದು ಈಗ ಕೈಕಚ್ಚುವ ಖರ್ಚು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ ಮೇಲೆ 2025ರ ಕೊನೆಯ ಹೊತ್ತಿಗೆ ಬೆಲೆ ಜಿಗಿಯಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ‘ಕ್ರೂಷಿಯಲ್’ ಹೆಸರಿನ ತನ್ನ ಗ್ರಾಹಕ ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹೊಸದು ಕೊಳ್ಳುವ ಮೊದಲು, ಇರುವ ರ್ಯಾಮ್‌ನಿಂದ ಪೂರ್ತಿ ಕೆಲಸ ತೆಗೆಯುತ್ತಿದ್ದೇವೆಯೇ ಎಂದು ನೋಡಬೇಕಾದ ಕಾಲ ಇದು.

ನನ್ನದು ಐಹೊಳೆಯಲ್ಲಿ ಫೋಟೊ ಕೆಲಸ. ಹುನಗುಂದದ ಮದುವೆ ಆಲ್ಬಮ್, ಇಳಕಲ್ಲಿನ ವ್ಯಾಪಾರಿಗಳಿಗೆ ಸೀರೆಯ ಚಿತ್ರ. ಬಿಡುವಿದ್ದಾಗ ದುರ್ಗ ಗುಡಿಯ ಗಜಪೃಷ್ಠದ ಸುತ್ತ ತೆಗೆದ ಫೋಟೊಗಳನ್ನು ಜೋಡಿಸಿ ಒಂದೇ ದೊಡ್ಡ ಚಿತ್ರ ಮಾಡುವುದು. 24 ಮೆಗಾಪಿಕ್ಸೆಲ್‌ನ ಒಂದು ಫೋಟೊವನ್ನು 16 ಬಿಟ್‌ನಲ್ಲಿ ತೆರೆದರೆ ಮೆಮೊರಿಯಲ್ಲಿ 144 ಎಂಬಿ ಹಿಡಿಯುತ್ತದೆ. ಹತ್ತು ಫೋಟೊ ಅಂದರೆ ಒಂದೂವರೆ ಜಿಬಿಯ ಹತ್ತಿರ. ಮೇಲೆ ಲೇಯರ್‌ಗಳು ಬೇರೆ. 8 ಜಿಬಿಯ ಯಂತ್ರ ಏದುಸಿರು ಬಿಡುತ್ತಿತ್ತು. ಬೆಲೆ ಏರುವ ಮುಂಚೆ ಬಾಗಲಕೋಟೆಯಿಂದ 8 ಜಿಬಿಯ ಎರಡು ಸ್ಟಿಕ್ ತಂದು, ಹಳೆಯದನ್ನು ತೆಗೆದು ಹಾಕಿದೆ. ಮೂರೂವರೆ ಸಾವಿರದ ಆಸುಪಾಸು ಬಿತ್ತು. ಡಬ್ಬಿಯ ಮೇಲೆ ವೇಗ 3200 ಎಂದಿತ್ತು. ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ 2400.

ಇದರಲ್ಲಿ ಯಾರ ಮೋಸವೂ ಇಲ್ಲ. ಪ್ರತಿ ಸ್ಟಿಕ್‌ನಲ್ಲಿ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇರುತ್ತದೆ. ಜೆಡೆಕ್ ಸಂಸ್ಥೆ ಗೊತ್ತುಮಾಡಿದ ಮಾಮೂಲಿ ವೇಗ ಅದರಲ್ಲಿ ದಾಖಲಾಗಿರುತ್ತದೆ. ಡಿಡಿಆರ್4 ಬಗೆಯ ರ್ಯಾಮ್ ಈ ವೇಗದಲ್ಲಿ 1.2 ವೋಲ್ಟ್‌ನಿಂದ ಓಡುತ್ತದೆ. ಜೊತೆಗೆ ಕೆಲವು ಸ್ಟಿಕ್‌ಗಳಲ್ಲಿ ಎಕ್ಸ್‌ಎಂಪಿ ಎಂಬ ಹೆಚ್ಚಿನ ವೇಗದ ಪ್ರೊಫೈಲ್ ಇರುತ್ತದೆ. ಇಂಟೆಲ್ 2007ರಲ್ಲಿ ತಂದ ವ್ಯವಸ್ಥೆ ಇದು, ಸಾಮಾನ್ಯವಾಗಿ 1.35 ವೋಲ್ಟ್ ಕೇಳುತ್ತದೆ. ಡಬ್ಬಿಯ ಮೇಲೆ ಅಚ್ಚಾಗುವುದು ಈ ಎರಡನೆಯ ವೇಗ. ನಾವು ಹೇಳುವವರೆಗೆ ಯಂತ್ರ ಓಡುವುದು ಮೊದಲನೆಯದರಲ್ಲೇ.

ಹೇಳುವುದಕ್ಕೆ ಖರ್ಚಿಲ್ಲ. ಯಂತ್ರ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ, ಎಕ್ಸ್‌ಎಂಪಿ ಆಯ್ದು, ಸೇವ್ ಮಾಡಿದರೆ ಆಯಿತು. ಕೆಲವು ಬೋರ್ಡ್‌ಗಳಲ್ಲಿ ಅದರ ಹೆಸರು ಡಿಒಸಿಪಿ. ಎಎಂಡಿಯ ಡಿಡಿಆರ್5 ಯಂತ್ರಗಳಲ್ಲಿ ಎಕ್ಸ್‌ಪೋ. ಬಳಿಕ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ ತಪ್ಪುಗಳಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಲೆಕ್ಕದಲ್ಲಿ ಇದು ಓವರ್‌ಕ್ಲಾಕಿಂಗ್, ಅಂದರೆ ಮಾಮೂಲಿ ವೇಗ ಮೀರಿ ಓಡಿಸುವುದು. ಆದ್ದರಿಂದ ಪ್ರೊಸೆಸರಿನ ವಾರಂಟಿ ಷರತ್ತನ್ನೂ ಒಮ್ಮೆ ಓದಿ.

ವೇಗಕ್ಕಿಂತ ಮೊದಲು ನೋಡಬೇಕಾದದ್ದು ಜೋಡಿ. 3200ರ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸಬಲ್ಲದು. ಎರಡು ಚಾನೆಲ್‌ಗಳಲ್ಲಿ ಎರಡು ಹಾಕಿದರೆ 51.2. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು ಜೋಡಿಯ ಜಾಗ. ಹಳೆಯ 2400ರ ಸ್ಟಿಕ್ ಪಕ್ಕದಲ್ಲಿ ಹೊಸ 3200 ಇಟ್ಟರೆ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ. ಜೋಡೆತ್ತಿನಲ್ಲಿ ಒಂದು ಮೆಲ್ಲಗೆ ನಡೆದರೆ ಗಳೆಯೂ ಮೆಲ್ಲಗೇ ಅಲ್ಲವೇ?

ವೇಗಕ್ಕೆ ಹೆಚ್ಚು ಹಣ ಕೊಟ್ಟು ಪ್ರಯೋಜನವಿಲ್ಲದ ಯಂತ್ರಗಳೂ ಇವೆ. ಇಂಟೆಲ್ 10ನೇ ತಲೆಮಾರಿನ ಐ3, ಐ5ಗಳನ್ನು ಎಚ್410 ಅಥವಾ ಬಿ460 ಬೋರ್ಡಿನಲ್ಲಿ ಹಾಕಿದರೆ 2666ರಾಚೆ ದಾಟುವುದಿಲ್ಲ. 3600ರ ಸ್ಟಿಕ್ ತಂದರೂ ಅಷ್ಟೇ. ಹೆಚ್ಚಿನ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆಯ್ಕೆಯೇ ಇರುವುದಿಲ್ಲ. ಅಂಥ ಲ್ಯಾಪ್‌ಟಾಪ್ ಇರುವವರು 1.2 ವೋಲ್ಟ್‌ನಲ್ಲೇ 3200 ಓಡುವ ಸಾದಾ ಸ್ಟಿಕ್ ಕೇಳಿ ಪಡೆಯಲಿ. ಪ್ರೊಸೆಸರ್ ಒಪ್ಪಿದರೆ ಅದು ಸೆಟ್ಟಿಂಗ್ ಇಲ್ಲದೆ ಆ ವೇಗ ಹಿಡಿಯುತ್ತದೆ.

ಲಾಭವನ್ನು ಉಬ್ಬಿಸಿ ಹೇಳುವುದಿಲ್ಲ. ನನ್ನ ಕೆಲಸ ಹಗುರಾದದ್ದು ಮುಖ್ಯವಾಗಿ 8 ಜಿಬಿ 16 ಆದದ್ದರಿಂದ. 2400ರಿಂದ 3200ಕ್ಕೆ ಏರಿದಾಗ ಸಾಗಣೆಯ ಮಿತಿ ಮೂರನೇ ಒಂದರಷ್ಟು ಹೆಚ್ಚಿತಾದರೂ ಆಲ್ಬಮ್ ಅಷ್ಟು ಬೇಗ ಮುಗಿಯಲಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಿಗೆ ಮಾತ್ರ ಇದರ ಫಲ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಪರದೆಯ ಚಿತ್ರವೂ ಇದೇ ರ್ಯಾಮ್ ಬಳಸುತ್ತದೆ. ನುಡಿಯಲ್ಲಿ ಟೈಪ್ ಮಾಡುವವರಿಗೆ, ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ವ್ಯತ್ಯಾಸ ಗೊತ್ತೇ ಆಗದು. ಆದ್ದರಿಂದ ಹಣದ ಸರದಿ ಹೀಗಿರಲಿ: ಮೊದಲು ಸಾಕಷ್ಟು ಜಿಬಿ, ಆಮೇಲೆ ಜೋಡಿ, ಕೊನೆಗೆ ವೇಗ.

ಸೆಟ್ಟಿಂಗ್ ಒಮ್ಮೆ ಮಾಡಿದರೆ ಮುಗಿಯಿತೆಂದೂ ಅಲ್ಲ. ಒಂದು ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಯಾವುದೋ ಹಳೆಯ ವರ್ಷದ ತಾರೀಖು ತೋರಿಸಿತು. ರ್ಯಾಮ್ ಕೂಡ 2400ಕ್ಕೆ ಮರಳಿತ್ತು. ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತು, ಬಯಾಸ್ ಎಲ್ಲವನ್ನೂ ಮರೆತಿತ್ತು. ಬೇರೆ ಹಾಕಲು ಐವತ್ತು ರೂಪಾಯಿಯೂ ಆಗಲಿಲ್ಲ. ನಿಮ್ಮ ಯಂತ್ರದ ಗಡಿಯಾರ ಹಿಂದೆ ಬೀಳತೊಡಗಿದ್ದರೆ ಹೊಸ ರ್ಯಾಮ್‌ನ ಬೆಲೆ ವಿಚಾರಿಸುವ ಮೊದಲು ಈ ಬ್ಯಾಟರಿಯನ್ನು ಕೊಂಡು ತನ್ನಿ.