ಚಕ್ರದ ಮೇಲಿನ ಮನೆ: ಹೊರಡುವ ಮುನ್ನ ಮೂರು ಲೆಕ್ಕಗಳು

ಬನದ ಹುಣ್ಣಿಮೆ ಸಮೀಪಿಸಿತೆಂದರೆ ಬೈಲಹೊಂಗಲ, ರಾಮದುರ್ಗಗಳ ಕಡೆಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಹೊರಡುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಹಾಸಿಗೆ, ಬುತ್ತಿ, ಪಾತ್ರೆ, ಎತ್ತುಗಳ ಮೇವು ಎಲ್ಲವೂ ಅದರಲ್ಲಿಯೇ. ಕೆಲವು ದಿನಗಳ ಮಟ್ಟಿಗೆ ಚಕ್ಕಡಿಯೇ ಮನೆ. ಹೊರಡುವ ಮೊದಲು ರೈತನು ಅಚ್ಚಿಗೆ ಕೀಲೆಣ್ಣೆ ಹಾಕಿ, ನೊಗವನ್ನು ಒಮ್ಮೆ ಕೈಯಿಂದ ಎತ್ತಿ ನೋಡುತ್ತಾನೆ. ಹೇರು ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಜತ್ತಿಗೆಯು ಕೊರಳನ್ನು ಬಿಗಿಯುತ್ತದೆ. ಗುರುತ್ವಕೇಂದ್ರವೆಂಬ ಶಬ್ದವನ್ನು ಆತನು ಕೇಳಿರಲಿಕ್ಕಿಲ್ಲ. ಅದು ಎಲ್ಲಿರಬೇಕೆಂಬುದನ್ನು ಮಾತ್ರ ಚೆನ್ನಾಗಿ ಬಲ್ಲನು.

ಮೋಟಾರು ವಾಹನವನ್ನೇ ಮನೆಯಾಗಿಸಿಕೊಂಡು ತಿಂಗಳುಗಟ್ಟಲೆ ದೇಶ ಸುತ್ತುವವರು ಈಗ ನಮ್ಮಲ್ಲಿಯೂ ಇದ್ದಾರೆ. ಈ ಪ್ರವಾಸಕ್ಕೆ ಹೊಸದಾಗಿ ಹೊರಡುವವರು ಮೂರು ಲೆಕ್ಕಗಳನ್ನು ಮಾಡಿಕೊಳ್ಳಬೇಕು.

ಮೊದಲನೆಯದು ಭಾರದ ಲೆಕ್ಕ. ಒಂದು ಲೀಟರು ನೀರಿನ ತೂಕ 1 ಕಿಲೋಗ್ರಾಂ. 100 ಲೀಟರಿನ ತೊಟ್ಟಿ ತುಂಬಿದರೆ ದೊಡ್ಡ ಅಕ್ಕಿಚೀಲವೊಂದನ್ನು ಹೇರಿದಂತೆಯೇ ಸರಿ. ಭಾರವಾದ ವಸ್ತುಗಳು ಕೆಳಗಿರಲಿ, ಎರಡು ಅಚ್ಚುಗಳ ನಡುವೆ ಇರಲಿ. ಹಿಂದಿನ ಅಚ್ಚಿನ ಆಚೆಗೆ ಹೇರಿದರೆ ಮುಂದಿನ ಗಾಲಿಗಳ ಮೇಲಿನ ಒತ್ತಡ ಕಡಿಮೆಯಾಗಿ ಸ್ಟೀರಿಂಗಿನ ಹಿಡಿತ ತಪ್ಪುತ್ತದೆ. ಇದು ಮೇಲೆದ್ದ ನೊಗದ ಕಥೆಯೇ! ಎಲ್ಲವನ್ನೂ ತುಂಬಿದ ಮೇಲೆ, ಕಬ್ಬಿನ ಲಾರಿಗಳನ್ನು ತೂಗುವಂಥ ವೇಬ್ರಿಜ್ಜಿನ ಮೇಲೆ ವಾಹನವನ್ನೊಮ್ಮೆ ತೂಗಿಸಿ ನೋಡುವುದು ಲೇಸು. ವೇಗವು ಎರಡರಷ್ಟಾದರೆ ಬ್ರೇಕು ತಡೆಯಬೇಕಾದ ಚಲನಶಕ್ತಿಯು ನಾಲ್ಕರಷ್ಟಾಗುತ್ತದೆಂಬುದನ್ನೂ ಮರೆಯಬಾರದು.

ಎರಡನೆಯದು ವಿದ್ಯುತ್ತಿನ ಲೆಕ್ಕ. 12 ವೋಲ್ಟು, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 1200 ವ್ಯಾಟ್-ಗಂಟೆ. ಸೀಸ-ಆಮ್ಲದ ಬ್ಯಾಟರಿಯಾದರೆ ಅರ್ಧದಷ್ಟನ್ನು, ಎಂದರೆ 600ನ್ನು ಮಾತ್ರ ಬಳಸುವುದು ಕ್ಷೇಮ. 30 ವ್ಯಾಟಿನ ಪಂಖ ಹತ್ತು ಗಂಟೆ ತಿರುಗಿದರೆ 300, ಹತ್ತು ವ್ಯಾಟಿನ ಎರಡು ದೀಪಗಳು ಐದು ಗಂಟೆ ಉರಿದರೆ 100 ಖರ್ಚು. 1500 ವ್ಯಾಟಿನ ವಿದ್ಯುತ್ ಒಲೆಯಾದರೋ ಆ 600ನ್ನು 24 ನಿಮಿಷಗಳಲ್ಲಿಯೇ ಮುಗಿಸಿಬಿಡುತ್ತದೆ! ಈ ಲೆಕ್ಕ ತಪ್ಪಿದವರು ರಾತ್ರಿಯಲ್ಲಿ ಜನರೇಟರಿನ ಮೊರೆ ಹೋಗುತ್ತಾರೆ. ಅಲ್ಲಿಯೇ ಮೂರನೆಯ ಲೆಕ್ಕ ಬರುತ್ತದೆ.

ಅದು ಗಾಳಿಯ ಲೆಕ್ಕ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದ ಬಳಿ ನಿಲ್ಲಿಸಿದ್ದ ಮೋಟಾರು ಮನೆಯೊಂದರಲ್ಲಿ ಇಬ್ಬರು ಮೃತರಾಗಿ ಕಂಡುಬಂದರು. ಜನರೇಟರಿನಿಂದ ಒಳಸೇರಿದ ಕಾರ್ಬನ್ ಮಾನಾಕ್ಸೈಡೇ ಕಾರಣವೆಂದು ತನಿಖೆಯಿಂದ ತಿಳಿಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಇದು ರಕ್ತದ ಹಿಮೋಗ್ಲೋಬಿನ್ನನ್ನು ಹಿಡಿದುಕೊಳ್ಳುತ್ತದೆ. ಆದುದರಿಂದ ಜನರೇಟರನ್ನು ವಾಹನದಿಂದ ದೂರ, ಬಯಲಿನಲ್ಲಿಯೇ ಇಡತಕ್ಕದ್ದು. ಮುಚ್ಚಿದ ವಾಹನದೊಳಗೆ ಚಳಿಗೆಂದು ಬೆಂಕಿಯನ್ನು ಎಂದಿಗೂ ಹೊತ್ತಿಸಲಾಗದು. ಈ ಅನಿಲವನ್ನು ಕಂಡೊಡನೆ ಕೂಗುವ ಪುಟ್ಟ ಯಂತ್ರಗಳು ದೊರೆಯುತ್ತವೆ. ಅಂಥದೊಂದು ಮಲಗುವ ಸ್ಥಳದಲ್ಲಿ ಇರಲೇಬೇಕು.

ಮೊದಲ ಪ್ರಯಾಣವು ಕಾಶ್ಮೀರಕ್ಕೆ ಬೇಡ. ಬೈಲಹೊಂಗಲದವರು ಕಿತ್ತೂರಿಗೋ ಸವದತ್ತಿಗೋ ಹೋಗಿ, ಎರಡು ರಾತ್ರಿ ತಂಗಿ ಬರಲಿ. ಎಷ್ಟು ನೀರು, ಎಷ್ಟು ವಿದ್ಯುತ್ತು ಖರ್ಚಾಯಿತು, ಯಾವ ಸಾಮಾನನ್ನು ಮುಟ್ಟಲೇ ಇಲ್ಲ ಎಂಬುದನ್ನು ಬರೆದಿಡಲಿ. ಮುಟ್ಟದ ಸಾಮಾನು ಮುಂದಿನ ಸಲ ಮನೆಯಲ್ಲಿಯೇ ಉಳಿಯಲಿ. ನೊಗವನ್ನು ಎತ್ತಿ ನೋಡದೆ ಚಕ್ಕಡಿಯನ್ನು ಹೂಡುವ ರೈತನಿಲ್ಲ. ದೂರದ ದಾರಿ ಹಿಡಿಯುವ ನಾವೂ ಆ ಪಾಠವನ್ನು ಮರೆಯದಿರೋಣ.