ವಿಡಿಯೊ ಆಟ ಬಿಟ್ಟ ಮೇಲೆ: ಮರಳಿ ದೊರೆತ ಬಿಡುವಿನ ಬಳಕೆ

ವಿಡಿಯೊ ಆಟಗಳನ್ನು ಇನ್ನು ಆಡಬಾರದೆಂದು ನಿರ್ಧರಿಸುವವರು ಅನೇಕರು. ಪರೀಕ್ಷೆಯ ಫಲಿತಾಂಶ ಬಂದ ದಿನ ವಿದ್ಯಾರ್ಥಿ ಹಾಗೆ ನಿರ್ಧರಿಸುತ್ತಾನೆ; ಬೆಳಗಿನ ಪಾಳಿಗೆ ಮತ್ತೆ ಮತ್ತೆ ತಡವಾಗಿ ಹೋದ ಉದ್ಯೋಗಿಯೂ ನಿರ್ಧರಿಸುತ್ತಾನೆ. ಆಟವನ್ನು ಮೊಬೈಲಿನಿಂದ ಅಳಿಸಿಹಾಕುವುದು ಒಂದು ನಿಮಿಷದ ಕೆಲಸ. ತೊಡಕು ಎದುರಾಗುವುದು ಮರುದಿನ ಸಂಜೆ. ಆಟಕ್ಕೆ ಮೀಸಲಾಗಿದ್ದ ಹೊತ್ತು ಎಂದಿನಂತೆ ಬರುತ್ತದೆ, ಆದರೆ ಆ ಹೊತ್ತಿಗೆ ಮಾಡಲು ಏನೂ ಇರುವುದಿಲ್ಲ. ನಾಲ್ಕು ದಿನ ಹೀಗೆ ಕಳೆದ ಮೇಲೆ ಅದೇ ಆಟ ಮೊಬೈಲಿಗೆ ಹಿಂತಿರುಗುತ್ತದೆ. ಮನೆಯವರು ಇದನ್ನು ಮನೋಬಲದ ಕೊರತೆ ಎಂದು ಹಳಿಯುವುದುಂಟು. ಬಹುಮಟ್ಟಿಗೆ ಇದು ಸಿದ್ಧತೆಯ ಕೊರತೆ. ಆಟವನ್ನು ಬಿಡುವ ಬಗೆಗೆ ಯೋಚಿಸಿದವರು, ಬಿಟ್ಟ ಮೇಲಿನ ಸಂಜೆಗಳ ಬಗೆಗೆ ಯೋಚಿಸಿರುವುದಿಲ್ಲ.

ಹೀಗೆ ಮರಳಿ ದೊರೆಯುವ ಕಾಲವೇನೂ ಅಲ್ಪವಲ್ಲ. ದಿನಕ್ಕೆ ಮೂರು ಗಂಟೆ ಆಡುತ್ತಿದ್ದವರಿಗೆ ವಾರಕ್ಕೆ 21 ಗಂಟೆ, ವರ್ಷಕ್ಕೆ 1,095 ಗಂಟೆ ಉಳಿಯುತ್ತದೆ. ದಿನಕ್ಕೆ ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ಇದು ಸುಮಾರು 137 ದಿನಗಳ ಕೆಲಸಕ್ಕೆ ಸಮ.

ಆಟ ಕೊಡುತ್ತಿದ್ದುದೇನು?

ಬಿಟ್ಟ ಆಟದ ಸ್ಥಾನದಲ್ಲಿ ಯಾವುದನ್ನು ತರಬೇಕೆಂದು ತಿಳಿಯಲು, ಆಟವು ಏನನ್ನು ಒದಗಿಸುತ್ತಿತ್ತೆಂಬುದನ್ನು ಮೊದಲು ಅರಿಯಬೇಕು. ವಿಡಿಯೊ ಆಟದಲ್ಲಿ ಮುಂದೇನು ಮಾಡಬೇಕೆಂಬುದು ಸದಾ ಸ್ಪಷ್ಟವಾಗಿರುತ್ತದೆ. ಮಾಡಿದ್ದರ ಫಲ ಆ ಕ್ಷಣವೇ ಕಾಣುತ್ತದೆ. ಆಟಗಾರನ ಕೈ ಪಳಗಿದಂತೆಲ್ಲ ಆಟವೂ ಅಷ್ಟಷ್ಟೇ ಕಠಿಣವಾಗುತ್ತ ಹೋಗುತ್ತದೆ. ಜಾಲದ ಮೂಲಕ ಆಡುವ ಆಟಗಳಲ್ಲಿ ಜೊತೆಗಾರರೂ ಇರುತ್ತಾರೆ. ನಿಗದಿತ ಹೊತ್ತಿಗೆ ಅವರು ಕಾಯುತ್ತಿರುತ್ತಾರೆ. ಊರು ಬಿಟ್ಟು ಪರಸ್ಥಳದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ ಯುವಕನಿಗೆ ಈ ಕೊನೆಯ ಅಂಶವೇ ಎಲ್ಲಕ್ಕಿಂತ ಮುಖ್ಯವಾಗಿದ್ದರೆ ಆಶ್ಚರ್ಯವಿಲ್ಲ.

ಇವುಗಳ ಜೊತೆಗೆ ಇನ್ನೊಂದು ತಂತ್ರವೂ ಸೇರಿಕೊಂಡಿದೆ. ಯಾವ ಬಾರಿ ಬಹುಮಾನ ಸಿಕ್ಕೀತೆಂದು ಮುಂದಾಗಿ ತಿಳಿಯದಿದ್ದಾಗ ಪ್ರಾಣಿಗಳು ಅದೇ ಕ್ರಿಯೆಯನ್ನು ಬಿಡದೆ ಮಾಡುತ್ತಿರುತ್ತವೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ (1904–1990) ಇಲಿ, ಪಾರಿವಾಳಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದರು. ಇಂದಿನ ಅನೇಕ ಆಟಗಳಲ್ಲಿರುವ ‘ಬಹುಮಾನದ ಪೆಟ್ಟಿಗೆ’ಗಳು ಇದೇ ತತ್ವವನ್ನು ಅನುಸರಿಸುತ್ತವೆ. 1998ರಲ್ಲಿ ಲಂಡನ್ನಿನ ಸಂಶೋಧಕರು ಎಂಟು ಮಂದಿ ಪುರುಷರಿಗೆ ಒಂದು ವಿಡಿಯೊ ಆಟವನ್ನು ಆಡಿಸಿ ಮಿದುಳಿನ ಚಿತ್ರಣ ಪಡೆದಾಗ, ಆಟದ ವೇಳೆ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತಿದ್ದುದು ಕಂಡುಬಂದಿತು. ಇದನ್ನು ಕೇಳಿ ಗಾಬರಿಪಡಬೇಕಾಗಿಲ್ಲ. ರುಚಿಯಾದ ಊಟ, ಇಷ್ಟವಾದ ಸಂಗೀತ ಇವುಗಳಿಂದಲೂ ಅದೇ ರಾಸಾಯನಿಕ ಬಿಡುಗಡೆಯಾಗುತ್ತದೆ.

ಮೇಲಿನ ವಿವರಣೆಯಿಂದ ಒಂದು ಉಪಯುಕ್ತ ಅಳತೆಗೋಲು ದೊರೆಯುತ್ತದೆ. ಹೊಸ ಹವ್ಯಾಸದಲ್ಲಿ ಮುಂದಿನ ಹೆಜ್ಜೆ ಸ್ಪಷ್ಟವಾಗಿದೆಯೇ? ಪ್ರಗತಿ ಕಣ್ಣಿಗೆ ಕಾಣುತ್ತದೆಯೇ? ಜೊತೆಗೊಬ್ಬರು ಇದ್ದಾರೆಯೇ? ‘ಒಳ್ಳೆಯ ಪುಸ್ತಕ ಓದು’, ‘ಹೊರಗೆ ಹೋಗಿ ಆಡು’ ಎಂಬ ಸಲಹೆಗಳು ಸದುದ್ದೇಶದವೇ ಆದರೂ ವಿಫಲವಾಗಲು ಕಾರಣ, ಅವುಗಳಲ್ಲಿ ಈ ಮೂರರಲ್ಲಿ ಒಂದೂ ಇಲ್ಲದಿರುವುದು. ಯಾವ ಪುಸ್ತಕ, ಎಷ್ಟು ಪುಟ, ಯಾರೊಡನೆ ಎಂಬುದನ್ನು ಅವು ಹೇಳುವುದಿಲ್ಲ.

ಮೊದಲ ದಿನಗಳು

ಮೊದಲ ಒಂದೆರಡು ವಾರಗಳಲ್ಲಿ ಉಳಿದೆಲ್ಲ ಕೆಲಸಗಳೂ ಸಪ್ಪೆಯಾಗಿ ತೋರುವುದು ಸಹಜ. ವೇಗದ ಆಟಕ್ಕೆ ಒಗ್ಗಿದ ಮನಸ್ಸು ನಿಧಾನದ ಕೆಲಸಕ್ಕೆ ಒಗ್ಗಲು ಸಮಯ ಬೇಕು. ಈ ಅವಧಿಯಲ್ಲಿ ಹವ್ಯಾಸದ ಗುಣವನ್ನು ಅಳೆಯಲು ಹೋಗಬಾರದು. ಎಂಟು ಹವ್ಯಾಸಗಳ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸುವುದೂ ಬೇಡ. ಒಂದನ್ನು ಆರಿಸಿಕೊಂಡು, ಹಿಂದೆ ಆಟ ಆಡುತ್ತಿದ್ದ ಅದೇ ಹೊತ್ತಿಗೆ ಅದನ್ನು ನಿಗದಿಪಡಿಸಬೇಕು. ಬೇಕಾದ ಸಾಮಗ್ರಿಯನ್ನು ಆಟ ಆಡುತ್ತಿದ್ದ ಸ್ಥಳದಲ್ಲೇ ಇಟ್ಟಿರಬೇಕು. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಆಟ ಬಿಟ್ಟ ಹೊತ್ತನ್ನೆಲ್ಲ ಕಿರು ವಿಡಿಯೊಗಳು ನುಂಗಿದರೆ ಬಿಟ್ಟದ್ದರಿಂದ ಪ್ರಯೋಜನವೇನು?

ದೇಹಕ್ಕೂ ಈ ಹೊತ್ತಿನಲ್ಲಿ ಪಾಲಿರಬೇಕು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಉಸಿರು ಏರುವಂತಹ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಬೀಸುನಡಿಗೆಯೂ ಇದರಲ್ಲಿ ಸೇರುತ್ತದೆ.

ಅಕ್ಷರ ಕಲಿಕೆ ಎಂಬ ಆಟ

ಕರ್ನಾಟಕದ ಹೊರಗೆ ಬೆಳೆಯುತ್ತಿರುವ ಅನೇಕ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಆದರೆ ಕನ್ನಡ ಓದಲಾರರು. ಊರಿನಿಂದ ಬಂದ ಮದುವೆಯ ಕರೆಯೋಲೆಯನ್ನು ತಾಯಿಯೇ ಓದಿ ಹೇಳಬೇಕಾಗುತ್ತದೆ. ಅಜ್ಜ ಬರೆದಿಟ್ಟ ಕಾಗದಪತ್ರಗಳು ಮೊಮ್ಮಕ್ಕಳ ಪಾಲಿಗೆ ಬರಿಯ ಗೆರೆಗಳು. ಆಟ ಬಿಟ್ಟ ಹೊತ್ತಿಗೆ ಇದಕ್ಕಿಂತ ಹೊಂದುವ ಕೆಲಸ ಬೇರೊಂದು ಈ ಲೇಖಕನಿಗೆ ಕಾಣದು. ಏಕೆಂದರೆ ಮೇಲೆ ಹೇಳಿದ ಮೂರೂ ಗುಣಗಳು ಇದರಲ್ಲಿವೆ.

ಕನ್ನಡ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರಗಳು. ದಿನಕ್ಕೆ ಎರಡರಂತೆ ಕಲಿತರೆ 25 ದಿನಗಳಲ್ಲಿ ಮುಗಿಯುತ್ತದೆ. ಅನಂತರ ಕಾಗುಣಿತ, ಆ ಮೇಲೆ ಒತ್ತಕ್ಷರ. ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆ.

ಮಗು ಯಾವ ನಗರದಲ್ಲಿ ಓದುತ್ತಿದೆಯೆಂಬುದರ ಮೇಲೆ ಈ ಮೆಟ್ಟಿಲುಗಳ ಎತ್ತರ ಬೇರೆಬೇರೆ. ಹೈದರಾಬಾದಿನಲ್ಲಿ ತೆಲುಗು ಕಲಿತ ಮಗುವಿಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಈಗಾಗಲೇ ಆಗಿದೆ. ಎರಡೂ ಲಿಪಿಗಳ ಮೂಲ ಒಂದೇ. ತಲೆಕಟ್ಟಿನ ಆಕಾರವನ್ನೂ ‘ಕ’ ಮೊದಲಾದ ಕೆಲವು ಅಕ್ಷರಗಳನ್ನೂ ಬೇರೆಯಾಗಿ ಗುರುತಿಸಿಕೊಂಡರೆ ಉಳಿದವು ಪರಿಚಿತವೇ. ಮುಂಬಯಿ, ಪುಣೆಗಳಲ್ಲಿ ಮರಾಠಿ ಕಲಿತ ಮಗುವಿಗೆ ಲಿಪಿ ಹೊಸದು, ಆದರೆ ಕ, ಖ, ಗ, ಘ ಎಂಬ ಅನುಕ್ರಮ ಹೊಸದಲ್ಲ. ‘ಳ’ಕಾರದ ಉಚ್ಚಾರವೂ ಮರಾಠಿಯಲ್ಲಿ ಇದೆ. ದೆಹಲಿಯಲ್ಲಿ ಹಿಂದಿ ಕಲಿತವರಿಗೆ ‘ಳ’ವನ್ನು ಬೇರೆಯಾಗಿ ಅಭ್ಯಾಸ ಮಾಡಿಸಬೇಕು. ಮರಾಠಿ, ಹಿಂದಿ ಎರಡರಲ್ಲೂ ಹ್ರಸ್ವ ‘ಎ’, ‘ಒ’ಗಳಿಗೆ ಪ್ರತ್ಯೇಕ ಅಕ್ಷರ ರೂಢಿಯಲ್ಲಿಲ್ಲ. ಆದ್ದರಿಂದ ‘ಕೆರೆ’ ಮತ್ತು ‘ಕೇರೆ’, ‘ಕೊಡು’ ಮತ್ತು ‘ಕೋಡು’ ಇಂತಹ ಜೋಡಿಗಳನ್ನು ಬರೆಸಿ ಓದಿಸುವುದು ಒಳ್ಳೆಯದು. ಮಕ್ಕಳಿಗೆ ಇದರಲ್ಲಿ ಮೋಜೂ ಇದೆ. ಚೆನ್ನೈನಲ್ಲಿ ತಮಿಳು ಕಲಿತವರ ತೊಡಕೇ ಬೇರೆ. ಅವರಿಗೆ ಹ್ರಸ್ವ ದೀರ್ಘಗಳ ಗೊಂದಲವಿಲ್ಲ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ ಇರುವುದರಿಂದ ಅಲ್ಪಪ್ರಾಣ ಮಹಾಪ್ರಾಣಗಳಿಗೂ, ಅಕ್ಷರದ ಕೆಳಗೆ ಬರುವ ಒತ್ತುಗಳಿಗೂ ಹೆಚ್ಚು ದಿನ ಕೊಡಬೇಕಾಗುತ್ತದೆ.

ಕಲಿಸುವವರು ಯಾರು? ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇದ್ದರೆ ಅವರೇ ಸರಿ. ತಂದೆತಾಯಿ ಇಬ್ಬರೂ ದುಡಿಯಲು ಹೋಗಿ, ಲೋಕಲ್ ರೈಲಿನಲ್ಲಿ ಜಗ್ಗಾಡಿ ರಾತ್ರಿ ಎಂಟಕ್ಕೆ ಮನೆ ಸೇರುವ ಕುಟುಂಬಗಳಲ್ಲಿ ಶಾಲೆ ಬಿಟ್ಟ ಮೇಲಿನ ಮೂರು ನಾಲ್ಕು ಗಂಟೆ ಮಗು ಮತ್ತು ಹಿರಿಯರು ಇಬ್ಬರೇ ಇರುತ್ತಾರೆ. ಒಬ್ಬರ ಎದುರು ಮೊಬೈಲ್, ಇನ್ನೊಬ್ಬರ ಎದುರು ದೂರದರ್ಶನ. ಒಂದು ಸ್ಲೇಟು ಇಬ್ಬರ ಹೊತ್ತನ್ನೂ ತುಂಬಬಲ್ಲುದು. ಹಿರಿಯರು ಊರಿನಲ್ಲೇ ಇದ್ದರೆ, ಕಾಗುಣಿತ ಮುಗಿದ ವಾರವೇ ಮಗು ಅವರಿಗೆ ಒಂದು ಅಂಚೆ ಕಾರ್ಡು ಬರೆಯಲಿ. ತಪ್ಪುಗಳನ್ನು ತಿದ್ದದೆ ಹಾಗೆಯೇ ಕಳುಹಿಸಬೇಕು. ಉತ್ತರ ಬಂದಾಗ ಅದನ್ನು ಓದಬೇಕಾದವರೂ ಮಗುವೇ.

ಮಣೆ, ಕಾಯಿ, ಪೆನ್ಸಿಲು

ಆಟವೆಂದರೆ ಎಲ್ಲ ಆಟವನ್ನೂ ಬಿಡಬೇಕೆಂದಲ್ಲ. ಚೌಕಾಬಾರ, ಏಳೇಳು ಗುಳಿಗಳ ಎರಡು ಸಾಲಿನ ಚೆನ್ನೆಮಣೆ, ಕೇರಂ ಇವೆಲ್ಲ ಇನ್ನೊಬ್ಬರನ್ನು ಎದುರಿಗೆ ಕೂರಿಸಿಕೊಂಡೇ ಆಡಬೇಕಾದಂಥವು. ಒಬ್ಬರೇ ಇರುವವರಿಗೆ ಚದುರಂಗದ ‘ಕುದುರೆ ನಡೆ’ಯನ್ನು ಸೂಚಿಸಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದರಲ್ಲಿ ಪರಿಣತರಾಗಿದ್ದು ಅನೇಕ ನಡೆಗಳನ್ನು ರಚಿಸಿದ್ದರು.

ವಿಧಾನ ಸರಳ. ಗೆರೆ ಹಾಳೆಯಲ್ಲಿ ಎಂಟು ಸಾಲು, ಎಂಟು ಕಂಬಗಳ 64 ಮನೆಗಳನ್ನು ಬರೆದುಕೊಳ್ಳಬೇಕು. ಒಂದು ಮನೆಯಲ್ಲಿ 1 ಎಂದು ಗುರುತಿಸಿ, ಕುದುರೆ ನಡೆಯುವಂತೆ ನೇರ ಎರಡು, ಅಡ್ಡ ಒಂದು ಮನೆ ಸರಿದು 2, ಅಲ್ಲಿಂದ 3 ಎಂದು ಮುಂದುವರಿಯಬೇಕು. ಯಾವ ಮನೆಗೂ ಎರಡು ಬಾರಿ ಹೋಗದೆ 64ನ್ನು ಮುಟ್ಟುವುದೇ ಗುರಿ. ಮೊದಲ ಪ್ರಯತ್ನಗಳು ಸಾಮಾನ್ಯವಾಗಿ ನಡುವೆಯೇ ನಿಂತುಹೋಗುತ್ತವೆ. ಎಷ್ಟರಲ್ಲಿ ನಿಂತಿತೆಂಬುದನ್ನು ದಿನಾಂಕದೊಡನೆ ಬರೆದಿಡಬೇಕು. ಮೂಲೆಯ ಮನೆಗೆ ಕುದುರೆ ಬರಲು ಎರಡೇ ದಾರಿಗಳಿವೆ, ನಡುವಿನ ಮನೆಗೆ ಎಂಟು. ಆದ್ದರಿಂದ, ಮುಂದೆ ಹೋಗಲು ಅತಿ ಕಡಿಮೆ ದಾರಿಗಳಿರುವ ಮನೆಯನ್ನೇ ಪ್ರತಿ ಸಲ ಆರಿಸಿಕೊಳ್ಳಬೇಕೆಂಬ ಸೂತ್ರವನ್ನು 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಪ್ರಕಟಿಸಿದರು. ಈ ಸೂತ್ರವನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ. ಹತ್ತು ಹಾಳೆಗಳು ಕೆಟ್ಟ ಮೇಲೆ ಅವರೇ ಅದರ ಹತ್ತಿರಕ್ಕೆ ಬರುತ್ತಾರೆ.

ದೊಡ್ಡವರಿಗೆ

ಒಬ್ಬರೇ ವಾಸಿಸುವ ಉದ್ಯೋಗಿಗಳಿಗೆ ಮುಖ್ಯವಾಗಿ ಬೇಕಾದುದು ಜೊತೆ. ಮುಂಬಯಿಯ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್, ದೆಹಲಿಯ ರಾಮಕೃಷ್ಣಪುರಂನಲ್ಲಿ ದೆಹಲಿ ಕರ್ನಾಟಕ ಸಂಘ, ಹೈದರಾಬಾದಿನ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇವೆ. ಇಂತಹ ಕಡೆಗಳಿಗೆ ರಾಜ್ಯೋತ್ಸವದ ದಿನ ಮಾತ್ರ ಪ್ರೇಕ್ಷಕರಾಗಿ ಹೋಗಿಬರುವುದಕ್ಕಿಂತ, ನಾಟಕದ ತಾಲೀಮಿಗೋ ಕುರ್ಚಿ ಜೋಡಿಸುವ ಕೆಲಸಕ್ಕೋ ಹೆಸರು ಕೊಡುವುದು ಮೇಲು. ಕೆಲಸ ಒಪ್ಪಿಕೊಂಡವರನ್ನು ಯಾರಾದರೂ ಕಾಯುತ್ತಿರುತ್ತಾರೆ.

ಓದುವ ಆಸಕ್ತಿ ಇರುವವರಿಗೆ ಪರಸ್ಥಳದಲ್ಲಿ ಕನ್ನಡ ಪುಸ್ತಕ ಸಿಗದೆಂಬ ಭಾವನೆ ಇದೆ. 1954ರ ಗ್ರಂಥ ಸಲ್ಲಿಕೆ ಕಾಯ್ದೆಯಂತೆ ದೇಶದ ಪ್ರಕಾಶಕರು ತಮ್ಮ ಪ್ರತಿಯೊಂದು ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕಲ್ಲದೆ ಚೆನ್ನೈನ ಕನ್ನೆಮರಾ, ಮುಂಬಯಿಯ ಸೆಂಟ್ರಲ್ ಲೈಬ್ರರಿ ಹಾಗೂ ದೆಹಲಿ ಪಬ್ಲಿಕ್ ಲೈಬ್ರರಿಗೆ ಕಳುಹಿಸಬೇಕು. ಕನ್ನಡ ಪ್ರಕಾಶಕರೂ ಇದಕ್ಕೆ ಹೊರತಲ್ಲ.

ಗಣಕದ ಮುಂದೆ ಕುಳಿತೇ ಸಂಜೆ ಕಳೆಯುವ ರೂಢಿ ಇರುವವರಿಗೆ, ಮೊದಲ ತಿಂಗಳು ಕಳೆದ ಮೇಲೆ, ಕನ್ನಡ ವಿಕಿಸೋರ್ಸ್ ಒಂದು ಒಳ್ಳೆಯ ಕೆಲಸ. ಹಕ್ಕುಸ್ವಾಮ್ಯದ ಅಡ್ಡಿಯಿಲ್ಲದ ಹಳೆಯ ಪುಸ್ತಕಗಳ ಪುಟಗಳ ಚಿತ್ರವನ್ನು ನೋಡಿ, ಪಕ್ಕದಲ್ಲಿರುವ ಅಕ್ಷರರೂಪದ ಪಠ್ಯವನ್ನು ಅಲ್ಲಿ ತಿದ್ದಬೇಕು. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ, ಇನ್ನೊಬ್ಬರು ಪರಿಶೀಲಿಸಿದ ಮೇಲೆ ಹಸಿರು. ಒಂದು ಪುಸ್ತಕವೆಲ್ಲ ಹಸಿರಾಗುವುದನ್ನು ನೋಡುವ ಹಂಬಲ, ಆಟದ ಮುಂದಿನ ಹಂತವನ್ನು ತಲುಪುವ ಹಂಬಲಕ್ಕೆ ಕಡಿಮೆಯದಲ್ಲ. ಪುಟವನ್ನು ಹಸಿರು ಮಾಡುವ ಎರಡನೆಯ ವ್ಯಕ್ತಿಯ ಮುಖವನ್ನು ಎಂದೂ ನೋಡಿರದಿದ್ದರೂ ಅವರು ಜೊತೆಗಾರರೇ.

ಸಹಾಯ ಬೇಕಾದಾಗ

ವಿಡಿಯೊ ಆಟ ಆಡುವವರೆಲ್ಲ ರೋಗಿಗಳಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ನಿದ್ರೆ, ಓದಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ನಿಲ್ಲಿಸಲಾಗದಿರುವುದು ಈ ಲಕ್ಷಣಗಳು ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಲ ಮುಂದುವರಿದು ಜೀವನವನ್ನು ತೀವ್ರವಾಗಿ ಬಾಧಿಸಿದಾಗ ಮಾತ್ರ ಅದನ್ನು ‘ಗೇಮಿಂಗ್ ಡಿಸಾರ್ಡರ್’ ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಗುರುತಿಸುತ್ತದೆ. 2019ರಲ್ಲಿ ಅಂಗೀಕೃತವಾದ ಈ ವರ್ಗೀಕರಣ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅಂತಹ ಸ್ಥಿತಿಯಲ್ಲಿ ಹವ್ಯಾಸವೊಂದರಿಂದಲೇ ಪರಿಹಾರ ದೊರೆಯದು, ಗದರಿಕೆಯಿಂದಲಂತೂ ಇಲ್ಲ. ಮೊಬೈಲನ್ನು ಕಸಿದುಕೊಂಡಾಗ ಮಗು ತೀರ ಉದ್ರೇಕಗೊಂಡರೆ, ಊಟ ಬಿಟ್ಟರೆ, ಸಾಯುವ ಮಾತನ್ನಾಡಿದರೆ ತಡಮಾಡದೆ ವೈದ್ಯರ ಸಲಹೆ ಪಡೆಯಬೇಕು.

ಹಣವನ್ನು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಅಂತಹ ಆಟಗಳಲ್ಲಿ ಹಣ ಕಳೆದುಕೊಂಡವರು ಸಾಲವನ್ನು ಮನೆಯವರಿಂದ ಮುಚ್ಚಿಡದೆ ಮೊದಲು ಅದನ್ನೇ ಹೇಳಬೇಕಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಅತಿಬಳಕೆಗೆ ಸಂಬಂಧಿಸಿದ ‘ಶಟ್’ ಎಂಬ ವಿಶೇಷ ಚಿಕಿತ್ಸಾಲಯ 2014ರಲ್ಲಿ ಆರಂಭವಾಯಿತು. ಬೆಂಗಳೂರಿಗೆ ಹೋಗಲಾಗದವರು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ ಕರೆ ಮಾಡಬಹುದು. ದೂರವಾಣಿ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಸೇವೆ ದೊರೆಯುತ್ತದೆ. ಕರೆ ಮಾಡಿದವರು ಭಾಷೆಯನ್ನು ಆರಿಸಿಕೊಳ್ಳಬಹುದಾಗಿದ್ದು, ಅವುಗಳಲ್ಲಿ ಕನ್ನಡವೂ ಇದೆ.