ತುಂಡುಗೆರೆ, ಬಾಣದ ತಲೆ: ಇಂಕ್‌ಸ್ಕೇಪ್‌ನಲ್ಲಿ ಲೆಕ್ಕ ಹಾಕಿ ಎಳೆಯೋಣ

ಸಮತಲ ದರ್ಪಣದ ಕಿರಣಚಿತ್ರ ನೆನಪಿಸಿಕೊಳ್ಳಿ. ಪಿಯುಸಿಯಲ್ಲಿ ಎಲ್ಲರೂ ಬರೆದದ್ದೇ. ವಸ್ತುವಿನಿಂದ ಹೊರಟ ಕಿರಣ ದರ್ಪಣಕ್ಕೆ ಬಡಿದು ವಾಪಸ್ ಬರುತ್ತೆ. ಅದಕ್ಕೆ ಪೂರ್ಣ ಗೆರೆ, ಮೇಲೊಂದು ಬಾಣ. ಅದೇ ಕಿರಣವನ್ನು ದರ್ಪಣದ ಹಿಂದಕ್ಕೆ ಮುಂದುವರಿಸುವಾಗ ಮಾತ್ರ ತುಂಡುಗೆರೆ ಹಾಕ್ತೀವಿ, ಯಾಕಂದ್ರೆ ಅಲ್ಲಿ ನಿಜವಾಗಿ ಬೆಳಕಿಲ್ಲ. ಅಲ್ಲಿರೋದು ಮಿಥ್ಯ ಪ್ರತಿಬಿಂಬ. ಪ್ರಿಂಟ್ ಆಗುವಾಗ ಆ ತುಂಡುಗಳು ಒಂದಕ್ಕೊಂದು ಅಂಟಿಕೊಂಡರೆ, ಬೆಳಕು ಕನ್ನಡಿ ತೂರಿಕೊಂಡು ಹೋಯಿತು ಅಂತ ಚಿತ್ರ ಹೇಳುತ್ತೆ!

ಕಂಪ್ಯೂಟರ್ ಸೈನ್ಸ್‌ನವರಿಗೂ ಇದೇ ಕಥೆ. ಯುಎಂಎಲ್ ಕ್ಲಾಸ್ ಡಯಾಗ್ರಾಮಿನಲ್ಲಿ ಪೂರ್ಣ ಗೆರೆಯ ತುದಿಗೆ ಟೊಳ್ಳು ತ್ರಿಕೋನ ಇದ್ದರೆ ಇನ್ಹೆರಿಟೆನ್ಸ್. ಅದೇ ತ್ರಿಕೋನ ತುಂಡುಗೆರೆಯ ತುದಿಗೆ ಬಂದರೆ ಇಂಟರ್‌ಫೇಸ್ ಅನ್ನು ಜಾರಿ ಮಾಡುವ ಕ್ಲಾಸ್. ತುಂಡುಗೆರೆಗೆ ಬಿಚ್ಚಿದ ಬಾಣ ಇದ್ದರೆ ಬರೀ ಡಿಪೆಂಡೆನ್ಸಿ. ಸೀಕ್ವೆನ್ಸ್ ಡಯಾಗ್ರಾಮಿನಲ್ಲಿ ಪೂರ್ಣ ಗೆರೆ ಕರೆ, ತುಂಡುಗೆರೆ ಉತ್ತರ. ಮೆಕ್ಯಾನಿಕಲ್, ಸಿವಿಲ್‌ನವರಿಗಂತೂ ಮೊದಲ ವರ್ಷದಿಂದಲೇ ಗೊತ್ತು: ತುಂಡುಗೆರೆ ಅಂದ್ರೆ ಕಣ್ಣಿಗೆ ಕಾಣದ ಅಂಚು.

ಅಂದ್ರೆ ತುಂಡುಗೆರೆ, ಬಾಣ ಎರಡೂ ಅಲಂಕಾರ ಅಲ್ಲ, ಅವು ಪದಗಳು. ಕಾಗುಣಿತ ತಪ್ಪಿದರೆ ಪದದ ಅರ್ಥ ಕೆಡುವ ಹಾಗೆ, ತುಂಡಿನ ಅಳತೆ ತಪ್ಪಿದರೆ ಚಿತ್ರದ ಅರ್ಥ ಕೆಡುತ್ತೆ. ಹಾಗಾಗಿ ಪಟ್ಟಿಯಲ್ಲಿ ಚೆಂದ ಕಂಡ ಡ್ಯಾಶ್ ಒಂದನ್ನು ಆರಿಸಿ ಮುಂದೆ ಹೋಗೋದು ಬೇಡ. ಇವತ್ತು ಇಂಕ್‌ಸ್ಕೇಪ್‌ನಲ್ಲಿ ಒಂದು ಚಿಕ್ಕ ಚಿತ್ರವನ್ನು ಲೆಕ್ಕ ಹಾಕಿ ಎಳೆಯೋಣ. ಕೂಡು, ಕಳೆ, ಗುಣಿಸು, ಭಾಗಿಸು, ಇಷ್ಟೇ ಲೆಕ್ಕ.

ಮೊದಲು ಕೊನೆಯ ಅಳತೆ

ಇಂಕ್‌ಸ್ಕೇಪ್ ಉಚಿತ, ಮುಕ್ತ ತಂತ್ರಾಂಶ. 2003ರಲ್ಲಿ ಸೋಡಿಪೋಡಿ ಎಂಬ ತಂತ್ರಾಂಶದಿಂದ ಕವಲೊಡೆದು ಬಂದದ್ದು. ಇದರ ಮೂಲ ಕಡತದ ನಮೂನೆ ಎಸ್‌ವಿಜಿ. ನಾವಿಲ್ಲಿ ಹೇಳುವ ಕೆಲವು ಸೌಲಭ್ಯಗಳು 2022ರಲ್ಲಿ ಬಂದ 1.2 ಆವೃತ್ತಿಯಿಂದ ಇವೆ. ಹಳೆಯದಿದ್ದರೆ ಅಪ್‌ಡೇಟ್ ಮಾಡ್ಕೊಳ್ಳಿ.

ಚಿತ್ರ ಕೊನೆಗೆ ಎಷ್ಟು ಅಗಲಕ್ಕೆ ಅಚ್ಚಾಗುತ್ತೆ ಅನ್ನೋದು ಮೊದಲು ಗೊತ್ತಿರಬೇಕು. ಐಇಇಇ ಪೇಪರುಗಳ ಒಂದು ಕಾಲಂ ಅಗಲ 3.5 ಇಂಚು, ಅಂದ್ರೆ 88.9 ಮಿ.ಮೀ. ನೀವು 180 ಮಿ.ಮೀ. ಅಗಲಕ್ಕೆ ಎಳೆದು ಆಮೇಲೆ ಕಾಲಮ್ಮಿಗೆ ಕುಗ್ಗಿಸಿದರೆ ಎಲ್ಲವೂ ಹೆಚ್ಚುಕಡಿಮೆ ಅರ್ಧ ಆಗುತ್ತೆ. 0.25 ಮಿ.ಮೀ. ದಪ್ಪದ ಗೆರೆ 0.12ಕ್ಕೆ ಇಳಿಯುತ್ತೆ, 0.75 ಮಿ.ಮೀ. ಸಂದು 0.37ಕ್ಕೆ ಇಳಿಯುತ್ತೆ. ಅದರ ಮೇಲೆ ಒಂದು ಸಲ ಜೆರಾಕ್ಸ್ ಆದರೆ ಸಂದು ಮುಚ್ಚಿಹೋಗಬಹುದು. ಆದ್ದರಿಂದ ಅಚ್ಚಾಗುವ ಅಳತೆಯಲ್ಲೇ ಎಳೆಯಿರಿ.

ಇನ್ನೊಂದು ಸೆಟ್ಟಿಂಗ್ ಈಗಲೇ ಬದಲಿಸಿಬಿಡೋಣ. ಇಂಕ್‌ಸ್ಕೇಪ್ ತಾನಾಗಿ ಒಂದು ಆಕಾರದ ಅಗಲ ಹೇಳುವಾಗ ಗೆರೆಯ ದಪ್ಪವನ್ನೂ ಸೇರಿಸಿ ಹೇಳುತ್ತೆ. 'ಎಡಿಟ್' ಮೆನುವಿನ 'ಪ್ರಿಫರೆನ್ಸಸ್' ತೆರೆದು, 'ಟೂಲ್ಸ್' ವಿಭಾಗದಲ್ಲಿ ಬೌಂಡಿಂಗ್ ಬಾಕ್ಸನ್ನು 'ವಿಶುಯಲ್' ಬದಲು 'ಜಿಯೋಮೆಟ್ರಿಕ್' ಮಾಡಿ. ಆಗ 60 ಅಂತ ಕೊಟ್ಟರೆ 60 ಮಿ.ಮೀ. ಸರಿಯಾಗಿ ಬರುತ್ತೆ.

ಗೆರೆಗಳ ಕಾಗುಣಿತ

ಎಂಜಿನಿಯರಿಂಗ್ ಡ್ರಾಯಿಂಗ್‌ನ ಗೆರೆಗಳಿಗೆ ನಿಯಮ ಇದೆ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46, ಜಾಗತಿಕವಾಗಿ ಐಎಸ್‌ಒ 128. ಗೆರೆಯ ದಪ್ಪಗಳು 0.13, 0.18, 0.25, 0.35, 0.5, 0.7, 1 ಮಿ.ಮೀ. ಹೀಗೆ ಏರುತ್ತವೆ. ಪ್ರತಿ ಮೆಟ್ಟಿಲೂ ಹಿಂದಿನದರ ಸುಮಾರು 1.4 ಪಟ್ಟು, ಅಂದ್ರೆ ಎರಡರ ವರ್ಗಮೂಲ. ದಪ್ಪ ಗೆರೆ ತೆಳು ಗೆರೆಯ ಎರಡು ಪಟ್ಟು ಇರಬೇಕು. ನಾವು ಕಾಣುವ ಅಂಚಿಗೆ 0.5, ಉಳಿದ ಗೆರೆಗಳಿಗೆಲ್ಲ 0.25 ಇಟ್ಟುಕೊಳ್ಳೋಣ.

ತುಂಡುಗಳ ಉದ್ದವನ್ನು ಐಎಸ್‌ಒ 128 ಗೆರೆಯ ದಪ್ಪದ ಪಟ್ಟುಗಳಲ್ಲೇ ಹೇಳುತ್ತೆ. ದಪ್ಪವನ್ನು 'ದ' ಅಂತ ಕರೆಯೋಣ:

- ತುಂಡು: 12ದ
- ಉದ್ದ ತುಂಡು: 24ದ
- ಸಂದು: 3ದ
- ಚುಕ್ಕಿ: ಹೆಚ್ಚೆಂದರೆ 0.5ದ

ಕಾಣದ ಅಂಚಿನ ಗೆರೆ ಅಂದ್ರೆ 12ದ ತುಂಡು, 3ದ ಸಂದು, ಮತ್ತೆ ಅದೇ. ಮಧ್ಯರೇಖೆ, ಅಂದ್ರೆ ಸೆಂಟರ್ ಲೈನ್: 24ದ ಉದ್ದ ತುಂಡು, 3ದ ಸಂದು, 0.5ದ ಚುಕ್ಕಿ, 3ದ ಸಂದು.

ಇಲ್ಲಿ ನಮಗೊಂದು ಅನುಕೂಲ ಇದೆ. ಇಂಕ್‌ಸ್ಕೇಪ್‌ನ ಡ್ಯಾಶ್ ಸಂಖ್ಯೆಗಳೂ ಮಾಮೂಲು ಸೆಟ್ಟಿಂಗ್‌ನಲ್ಲಿ ಗೆರೆಯ ದಪ್ಪದ ಪಟ್ಟುಗಳೇ. ಹಾಗಾಗಿ ಈ ಸಂಖ್ಯೆಗಳನ್ನು ನೇರವಾಗಿ ಟೈಪ್ ಮಾಡಬಹುದು.

ಎಳೆಯೋಣ ಬನ್ನಿ

ನಮ್ಮ ಉದಾಹರಣೆ: 60 ಮಿ.ಮೀ. ಅಗಲ, 40 ಮಿ.ಮೀ. ಎತ್ತರದ ಒಂದು ಬ್ಲಾಕ್. ಮೇಲಿಂದ ಕೆಳಗೆ ಆರುಪಾರು 20 ಮಿ.ಮೀ. ವ್ಯಾಸದ ರಂಧ್ರ. ಎದುರಿನಿಂದ ನೋಡಿದರೆ ರಂಧ್ರ ಕಾಣಲ್ಲ, ಆದ್ದರಿಂದ ಅದರ ಎರಡು ಅಂಚಿಗೆ ತುಂಡುಗೆರೆ, ನಡುವೆ ಮಧ್ಯರೇಖೆ, ಕೆಳಗೆ 60ರ ಅಳತೆ.

1. ಆಯತದ ಟೂಲ್ (ಕೀಲಿ ಆರ್) ತಗೊಂಡು 60 × 40ರ ಆಯತ ಎಳೆಯಿರಿ. ಕಂಟ್ರೋಲ್, ಶಿಫ್ಟ್, ಎಫ್ ಒಟ್ಟಿಗೆ ಒತ್ತಿ 'ಫಿಲ್ ಅಂಡ್ ಸ್ಟ್ರೋಕ್' ತೆರೆಯಿರಿ. ಫಿಲ್ ತೆಗೆದುಹಾಕಿ, 'ಸ್ಟ್ರೋಕ್ ಸ್ಟೈಲ್'ನಲ್ಲಿ ದಪ್ಪ 0.5 ಮಿ.ಮೀ. ಕೊಡಿ. ಏಕಮಾನ ಮಿ.ಮೀ. ಇದೆಯಾ ನೋಡಿಕೊಳ್ಳಿ.

2. ಪೆನ್ ಟೂಲ್ (ಕೀಲಿ ಬಿ) ತಗೊಳ್ಳಿ. ಮೇಲೊಂದು ಕ್ಲಿಕ್, ಕಂಟ್ರೋಲ್ ಒತ್ತಿ ಹಿಡಿದು ಕೆಳಗೊಂದು ಕ್ಲಿಕ್, ಆಮೇಲೆ ಎಂಟರ್. ಕಂಟ್ರೋಲ್ ಹಿಡಿದರೆ ಗೆರೆ 15 ಡಿಗ್ರಿಯ ಹೆಜ್ಜೆಗಳಲ್ಲೇ ತಿರುಗುತ್ತೆ, ಹಾಗಾಗಿ ನೆಟ್ಟಗೆ ನಿಲ್ಲುತ್ತೆ. ಎತ್ತರ 40, ದಪ್ಪ 0.25 ಕೊಡಿ. ಇದರ ಒಂದು ಪ್ರತಿ ಮಾಡಿ, ಎರಡನ್ನೂ ನಡುಗೆರೆಯಿಂದ 10 ಮಿ.ಮೀ. ದೂರದಲ್ಲಿ ಎಡಕ್ಕೊಂದು ಬಲಕ್ಕೊಂದು ಇಡಿ.

3. 'ಡ್ಯಾಶಸ್' ಪಟ್ಟಿಯಲ್ಲಿ 'ಕಸ್ಟಮ್' ಆರಿಸಿ, ಸಂಖ್ಯೆಗಳ ಜಾಗದಲ್ಲಿ 12 3 ಅಂತ ಬರೆಯಿರಿ.

ಈಗ ಗೆರೆಯ ಕೆಳತುದಿ ನೋಡಿ. ಕೊನೆಯ ತುಂಡು ಪೂರ್ತಿ ಇಲ್ಲ, ಸ್ವಲ್ಪ ಕತ್ತರಿಸಿದೆ. ಬೇರೆ ಉದ್ದದ ಗೆರೆಯಾದರೆ ತುದಿಗೆ ಸಂದೇ ಬಂದು ಕೂರಬಹುದು. ಕಾಣದ ಅಂಚು ಕಾಣುವ ಅಂಚನ್ನು ತುಂಡಿನಿಂದಲೇ ಮುಟ್ಟಬೇಕು, ಸಂದಿನಿಂದ ಅಲ್ಲ. ಕಣ್ಣಳತೆಯಲ್ಲಿ ಸರಿಮಾಡೋಕೆ ಹೋಗಬೇಡಿ, ಇಲ್ಲೊಂದು ಲೆಕ್ಕ ಇದೆ.

ಗೆರೆ ತುಂಡಿನಿಂದ ಶುರುವಾಗಿ ತುಂಡಿನಲ್ಲೇ ಮುಗಿದರೆ, ತುಂಡುಗಳು ಎಷ್ಟೋ ಅದಕ್ಕಿಂತ ಒಂದು ಕಡಿಮೆ ಸಂದು ಇರುತ್ತೆ. ತುಂಡು 3 ಮಿ.ಮೀ., ಸಂದು 0.75. ಹತ್ತು ತುಂಡಿಗೆ ಒಟ್ಟು 36.75, ಹನ್ನೊಂದು ತುಂಡಿಗೆ 40.5. ನಮಗೆ ಬೇಕಾದದ್ದು 40, ಅಂದ್ರೆ ಹನ್ನೊಂದೇ ಹತ್ತಿರ. ಸಂದನ್ನು ಮುಟ್ಟೋದು ಬೇಡ. ಹತ್ತು ಸಂದಿಗೆ 7.5 ಮಿ.ಮೀ. ಹೋದರೆ ಉಳಿಯೋದು 32.5. ಅದನ್ನು ಹನ್ನೊಂದರಿಂದ ಭಾಗಿಸಿದರೆ ಒಂದು ತುಂಡಿಗೆ 2.955 ಮಿ.ಮೀ. ದಪ್ಪದ ಪಟ್ಟಿನಲ್ಲಿ ಹೇಳೋದಾದ್ರೆ 11.82. ಈಗ 12 3 ಬದಲು 11.82 3 ಅಂತ ಬರೆಯಿರಿ. ಎರಡೂ ತುದಿ ಪೂರ್ತಿ ತುಂಡಿನಿಂದ ಅಂಚನ್ನು ಮುಟ್ಟುತ್ತೆ.

4. ಮಧ್ಯರೇಖೆ ಬ್ಲಾಕಿನಿಂದ ಎರಡೂ ಕಡೆ 3 ಮಿ.ಮೀ. ಹೊರಗೆ ಚಾಚಲಿ, ಅಂದ್ರೆ ಉದ್ದ 46. ಇದು ಉದ್ದ ತುಂಡಿನಿಂದ ಶುರುವಾಗಿ ಉದ್ದ ತುಂಡಿನಲ್ಲೇ ಮುಗಿಯಬೇಕು. ಎರಡು ಉದ್ದ ತುಂಡುಗಳ ನಡುವಿನ ಸಂದು, ಚುಕ್ಕಿ, ಸಂದು ಸೇರಿ 1.625 ಮಿ.ಮೀ. ಆರು ತುಂಡು ಹಿಡಿದರೆ ನಡುವೆ ಐದು ಸಲ 8.125. ಉಳಿದ 37.875 ಅನ್ನು ಆರರಿಂದ ಭಾಗಿಸಿದರೆ 6.3125 ಮಿ.ಮೀ., ಅಂದ್ರೆ 25.25 ಪಟ್ಟು. ಬರೆಯಬೇಕಾದದ್ದು: 25.25 3 0.5 3.

ಸರಿ ಬಂತಾ ಅಂತ ಪರೀಕ್ಷಿಸೋಕೆ ಕಂಟ್ರೋಲ್, ಶಿಫ್ಟ್, ಎಕ್ಸ್ ಒತ್ತಿ ಎಕ್ಸ್‌ಎಂಎಲ್ ಎಡಿಟರ್ ತೆರೆಯಿರಿ. ಮಿ.ಮೀ. ಕಡತದಲ್ಲಿ 'ಸ್ಟ್ರೋಕ್-ಡ್ಯಾಶ್‌ಅರೇ' ಮುಂದೆ ಪಟ್ಟುಗಳಲ್ಲ, ನಿಜವಾದ ಉದ್ದಗಳೇ ಕಾಣಬೇಕು. ರಂಧ್ರದ ಅಂಚಿಗೆ ಸುಮಾರು 2.955 ಮತ್ತು 0.75. ಎಸ್‌ವಿಜಿ ಆ ಪಟ್ಟಿಯನ್ನು ತುಂಡು, ಸಂದು, ತುಂಡು, ಸಂದು ಅಂತ ಓದುತ್ತೆ. ಬೆಸ ಸಂಖ್ಯೆಯಷ್ಟು ಬೆಲೆ ಕೊಟ್ಟರೆ ಇಡೀ ಪಟ್ಟಿಯನ್ನು ಎರಡು ಸಲ ಓದಿ ಸಮ ಮಾಡಿಕೊಳ್ಳುತ್ತೆ. ಹಾಗಾಗಿ 5 3 2 ಅಂತ ಕೊಟ್ಟರೆ ಎರಡನೇ ಸುತ್ತಿನಲ್ಲಿ ತುಂಡು ಇದ್ದಲ್ಲಿ ಸಂದು, ಸಂದು ಇದ್ದಲ್ಲಿ ತುಂಡು! ಯಾವಾಗಲೂ ಸಮ ಸಂಖ್ಯೆಯಷ್ಟೇ ಬೆಲೆ ಕೊಡಿ.

ಸಂದು ನುಂಗುವ ಕ್ಯಾಪ್

ಎಲ್ಲ ಲೆಕ್ಕ ಸರಿಯಿದ್ದೂ ತುಂಡುಗೆರೆ ಪೂರ್ಣ ಗೆರೆಯ ಹಾಗೆ ಕಂಡರೆ 'ಕ್ಯಾಪ್' ನೋಡಿ. ಗೆರೆಯ ತುದಿಗೆ ಮೂರು ಬಗೆ: ಬಟ್, ರೌಂಡ್, ಸ್ಕ್ವೇರ್. ಬಟ್ ಕ್ಯಾಪ್ ಗೆರೆಯನ್ನು ಅಳತೆಗೆ ಸರಿಯಾಗಿ ಕತ್ತರಿಸುತ್ತೆ. ಉಳಿದೆರಡು ಪ್ರತಿ ತುದಿಯಲ್ಲೂ ದಪ್ಪದ ಅರ್ಧದಷ್ಟು ಹೊರಗೆ ಚಾಚುತ್ತವೆ. ಈ ಚಾಚು ಗೆರೆಯ ಎರಡು ತುದಿಗೆ ಮಾತ್ರವಲ್ಲ, ಒಳಗಿನ ಪ್ರತಿಯೊಂದು ತುಂಡಿಗೂ ಅಂಟುತ್ತೆ. ಹಾಗಾಗಿ ಪ್ರತಿ ಸಂದು ಒಂದು 'ದ'ದಷ್ಟು ಕಿರಿದಾಗುತ್ತೆ. 3ದ ಇದ್ದದ್ದು 2ದ. ಸಂದು 1ದ ಇದ್ದರೆ? ಸ್ಕ್ವೇರ್ ಕ್ಯಾಪಿನಲ್ಲಿ ಪೂರ್ತಿ ಮಾಯ.

ಇದೇ ಗುಣ ಚುಕ್ಕಿಗೆರೆಗೆ ಉಪಯೋಗಕ್ಕೆ ಬರುತ್ತೆ. ರೌಂಡ್ ಕ್ಯಾಪ್ ಇಟ್ಟು 0.01 2 ಅಂತ ಕೊಡಿ. ಇಲ್ಲದಷ್ಟು ಚಿಕ್ಕ ತುಂಡಿನ ಎರಡೂ ಕಡೆ ಅರ್ಧವೃತ್ತ ಸೇರಿ ದುಂಡನೆಯ ಚುಕ್ಕಿ ಆಗುತ್ತೆ, ರಂಗೋಲಿ ಚುಕ್ಕಿಯ ಹಾಗೆ. ನಮ್ಮ ಬ್ಲಾಕಿಗೆ ಮಾತ್ರ ಬಟ್ ಕ್ಯಾಪೇ ಸರಿ.

ಬಾಣದ ತಲೆ

ಈಗ 60ರ ಅಳತೆಗೆರೆ. ಡ್ರಾಯಿಂಗ್ ಕ್ಲಾಸಿನಲ್ಲಿ ಕಲಿತ ಹಾಗೆ ಬಾಣದ ಉದ್ದ ಅಗಲದ ಮೂರು ಪಟ್ಟು, ಒಳಗೆ ತುಂಬಿರಬೇಕು. ಉದ್ದ 3 ಮಿ.ಮೀ., ಅಗಲ 1 ಮಿ.ಮೀ. ಇಟ್ಟುಕೊಳ್ಳೋಣ.

ಇಂಕ್‌ಸ್ಕೇಪ್ ಬಾಣದ ತಲೆಯನ್ನು 'ಮಾರ್ಕರ್' ಅಂತ ಕರೆಯುತ್ತೆ. 'ಸ್ಟ್ರೋಕ್ ಸ್ಟೈಲ್'ನಲ್ಲಿ ಶುರು, ನಡು, ಕೊನೆ ಅಂತ ಮೂರು ಪೆಟ್ಟಿಗೆ ಇವೆ. ನೀವು ಮೊದಲು ಕ್ಲಿಕ್ ಮಾಡಿದ ಜಾಗ ಶುರು, ಕೊನೆಗೆ ಕ್ಲಿಕ್ ಮಾಡಿದ್ದು ಕೊನೆ. ಬಾಣ ಬೇಡದ ತುದಿಗೆ ಬಂದರೆ ಗೆರೆ ಅಳಿಸಬೇಕಿಲ್ಲ, 'ಪಾತ್' ಮೆನುವಿನಲ್ಲಿ 'ರಿವರ್ಸ್' ಕೊಡಿ ಸಾಕು. ಅಳತೆಗೆರೆಗೆ ಎರಡೂ ತುದಿಗೆ ಬಾಣ ಬೇಕು, ಎರಡೂ ಹೊರಮುಖವಾಗಿರಬೇಕು. ಶುರುವಿನದು ಒಳಮುಖವಾಗಿದ್ದರೆ ಮಾರ್ಕರ್ ಪೆಟ್ಟಿಗೆಯಲ್ಲೇ ಅದರ ದಿಕ್ಕು ತಿರುಗಿಸಬಹುದು. ಗಾತ್ರ ಬದಲಿಸೋದೂ ಅಲ್ಲೇ.

ಮಾರ್ಕರ್ ಸಾಮಾನ್ಯವಾಗಿ ಗೆರೆಯ ದಪ್ಪದ ಜೊತೆ ಬೆಳೆಯುತ್ತೆ. 0.25ರ ಗೆರೆಯನ್ನು 0.5 ಮಾಡಿದರೆ ಬಾಣವೂ ಎರಡು ಪಟ್ಟು. ಒಂದೇ ಚಿತ್ರದಲ್ಲಿ ಬೇರೆ ಬೇರೆ ದಪ್ಪದ ಗೆರೆಗಳಿಗೆ ಒಂದೇ ಅಳತೆಯ ಬಾಣ ಬೇಕಿದ್ದರೆ 'ಸ್ಕೇಲ್ ವಿತ್ ಸ್ಟ್ರೋಕ್' ಟಿಕ್ ತೆಗೆಯಿರಿ.

ಇನ್ನು ಬಾಣದ ಮೊನೆ ಎಲ್ಲಿರಬೇಕು? ಗೆರೆಯ ತುದಿಗೆ ಸರಿಯಾಗಿ ಮೊನೆ ಇಟ್ಟರೆ ಸರಿ ಅನ್ನಿಸುತ್ತೆ. ಆದರೆ ಮೊನೆಯ ಅಗಲ ಸೊನ್ನೆ, ಗೆರೆಯ ಅಗಲ 0.25. ಹಾಗಾಗಿ ಮೊನೆಯ ಅಕ್ಕಪಕ್ಕ ಗೆರೆ ಇಣುಕಿ, ಬಾಣ ಮೊಂಡಾಗುತ್ತೆ. ಮೂರಕ್ಕೊಂದರ ಬಾಣದಲ್ಲಿ ಮೊನೆಯಿಂದ 3ದ ಹಿಂದೆ ಬಂದಾಗ ಮಾತ್ರ ಬಾಣದ ಅಗಲ ಗೆರೆಯ ಅಗಲಕ್ಕೆ ಸಮ. ಅಂದ್ರೆ ಗೆರೆ ಮೊನೆಗಿಂತ ಕನಿಷ್ಠ 3ದ ಹಿಂದೆಯೇ ನಿಲ್ಲಬೇಕು. 0.25ರ ಗೆರೆಗೆ ಇದು 0.75 ಮಿ.ಮೀ. ಬ್ಲಾಕ್ ಡಯಾಗ್ರಾಮಿನಲ್ಲಿ 1 ಮಿ.ಮೀ. ಗೆರೆ ಬಳಸುವವರಿಗೆ 3 ಮಿ.ಮೀ. ಅಲ್ಲಂತೂ ಮೊಂಡು ಮೊನೆ ದೂರದಿಂದಲೇ ಕಾಣುತ್ತೆ.

ಸುಲಭದ ದಾರಿ: ಗೆರೆಯ ತುದಿ ಬಾಣದ ನಡುವಿನಲ್ಲಿ ಬರೋ ಹಾಗೆ ಮಾರ್ಕರಿನ 'ಆಫ್‌ಸೆಟ್' ಹೊಂದಿಸಿ. 3 ಮಿ.ಮೀ. ಬಾಣದ ಮೊನೆ ಆಗ 1.5 ಮಿ.ಮೀ. ಮುಂದಿರುತ್ತೆ. ಅಳತೆಗೆರೆಯನ್ನು 60ರ ಬದಲು 57 ಮಿ.ಮೀ. ಎಳೆದು ನಡುವಿಗೆ ಕೂರಿಸಿದರೆ ಎರಡೂ ಮೊನೆಗಳು 60ರ ಗಡಿಗೆ ಸರಿಯಾಗಿ ತಾಗುತ್ತವೆ. ಜೂಮ್ ಮಾಡಿ ನೋಡಿ. ಮೊನೆ ಗಡಿ ದಾಟಿದರೂ, ಗಡಿಗೆ ಮೊದಲೇ ನಿಂತರೂ ಬರೆದ ಸಂಖ್ಯೆಗೂ ಚಿತ್ರಕ್ಕೂ ತಾಳೆಯಾಗಲ್ಲ.

ತುಂಡುಗೆರೆಗೇ ಬಾಣ ಬೇಕಾದಾಗ

ಸೀಕ್ವೆನ್ಸ್ ಡಯಾಗ್ರಾಮಿನ ಉತ್ತರದ ಗೆರೆ ಇಂಥದ್ದು. ಗೆರೆಗೆ ಕೊಟ್ಟ ಡ್ಯಾಶ್ ಬಾಣದ ತಲೆಗೆ ಅಂಟೋದಿಲ್ಲ, ಹಾಗಾಗಿ ತಲೆ ಒಡೆದುಹೋಗುವ ಭಯ ಬೇಡ. ತೊಂದರೆ ಬೇರೆ: ಬಾಣದ ಹಿಂದೆಯೇ ಸಂದು ಬಂದರೆ ತಲೆ ಗೆರೆಯಿಂದ ಕಳಚಿ ಗಾಳಿಯಲ್ಲಿ ತೇಲುತ್ತೆ. ಪರಿಹಾರ ಮೇಲಿನ ಲೆಕ್ಕವೇ. ಗೆರೆ ತುಂಡಿನಲ್ಲೇ ಮುಗಿಯುವ ಹಾಗೆ ತುಂಡಿನ ಉದ್ದ ಹೊಂದಿಸಿ. ಗೆರೆಯ ತುದಿ ಬಾಣದ ಒಳಗೆ ಅಡಗುವುದರಿಂದ, ಕೊನೆಯ ತುಂಡು ಬಾಣದ ಹಿಂದೆ ಸಾಕಷ್ಟು ಹೊರಗೆ ಕಾಣುತ್ತಾ ಅಂತಲೂ ನೋಡಿ.

ಕೊಡುವ ಮೊದಲು

ಚಿತ್ರ ಮುಗಿದ ಮೇಲೆ ಗಾತ್ರ ಬದಲಿಸಲೇಬೇಕಾಗಿ ಬಂದರೆ, ಆಯ್ಕೆ ಟೂಲ್ ಹಿಡಿದಾಗ ಮೇಲಿನ ಪಟ್ಟಿಯಲ್ಲಿ ಕಾಣುವ ಗೆರೆಯ ದಪ್ಪ ಹಿಗ್ಗಿಸುವ ಗುಂಡಿಯನ್ನು ಗಮನಿಸಿ. ಅದು ಒತ್ತಿದ್ದರೆ ದಪ್ಪವೂ ಚಿತ್ರದ ಜೊತೆ ಬದಲಾಗುತ್ತೆ, ಇಲ್ಲದಿದ್ದರೆ ದಪ್ಪ ಹಾಗೇ ಉಳಿಯುತ್ತೆ. ಎರಡನೆಯದು ನಮಗೆ ಬೇಕಾದದ್ದು, ಆದರೆ ಆಗ ಗೆರೆಯ ಉದ್ದ ಬದಲಾಗಿರುತ್ತೆ, ಹಾಗಾಗಿ ತುಂಡಿನ ಲೆಕ್ಕ ಮತ್ತೆ ಮಾಡಬೇಕು. ರಿಪೋರ್ಟಿಗೆ ಸೇರಿಸುವಾಗ ಸ್ಕ್ರೀನ್‌ಶಾಟ್ ಬೇಡ, ಪಿಡಿಎಫ್ ಆಗಿ ಉಳಿಸಿ. ಆಗ ಗೆರೆ ಗೆರೆಯಾಗೇ ಹೋಗುತ್ತೆ.

ಆಮೇಲೆ ಒಂದು ಹಾಳೆಗೆ ಕಪ್ಪುಬಿಳುಪಿನಲ್ಲಿ ಪ್ರಿಂಟ್ ತೆಗೆದು ಇಷ್ಟು ನೋಡಿ:

- ಸ್ಕೇಲ್ ಇಟ್ಟು ಅಳೆದರೆ 60 ಮಿ.ಮೀ. ಇದೆಯಾ?
- ಕೈ ಅಳತೆಯ ದೂರದಲ್ಲಿ ಹಿಡಿದರೂ ಸಂದುಗಳು ಕಾಣುತ್ತವಾ?
- ತುಂಡುಗೆರೆ ಅಂಚನ್ನು ತುಂಡಿನಿಂದ ಮುಟ್ಟಿದೆಯಾ?
- ಬಾಣದ ಮೊನೆ ಚೂಪಾಗಿ, ಗಡಿಗೆ ಸರಿಯಾಗಿ ತಾಗಿದೆಯಾ?
- ಬಣ್ಣ ಇಲ್ಲದೆಯೂ ಯಾವ ಗೆರೆ ಯಾವುದು ಅಂತ ತಿಳಿಯುತ್ತಾ?

ಐದಕ್ಕೂ ಹೌದು ಅನ್ನಿಸಿದರೆ ಚಿತ್ರ ಕೊಡಬಹುದು. ಒಂದು ಲೆಕ್ಕ ನಿಮಗೇ ಬಿಡ್ತೀವಿ: ನಮ್ಮ ಬ್ಲಾಕಿನ ಎತ್ತರ 40ರ ಬದಲು 25 ಮಿ.ಮೀ. ಆದರೆ, ರಂಧ್ರದ ಅಂಚಿಗೆ ಎಷ್ಟು ತುಂಡು ಬೇಕು, 'ಕಸ್ಟಮ್' ಜಾಗದಲ್ಲಿ ಯಾವ ಎರಡು ಸಂಖ್ಯೆ ಬರೆಯಬೇಕು? ಮೊದಲು ಕಾಗದದ ಮೇಲೆ ಮಾಡಿ, ಆಮೇಲೆ ಇಂಕ್‌ಸ್ಕೇಪ್‌ನಲ್ಲಿ ಎಳೆದು ನೋಡಿ. ಎರಡೂ ತುದಿಗೆ ಪೂರ್ತಿ ತುಂಡು ಕೂತರೆ ನಿಮ್ಮ ಉತ್ತರ ಸರಿ.